ಹಳೇ ಟಿವಿ, ಹಳೇ ಮಾನಿಟರ್ ಯಾರ ಕೈಗೆ ಕೊಡಬೇಕು? ಬಳ್ಳಾರಿಯವರಿಗೊಂದು ಹೋಲಿಕೆ

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ನಮ್ಮ ರಿಪೇರಿ ಅಂಗಡಿಗೆ ಬಂದಿದ್ದರು. ಒಬ್ಬರು ಗಾಂಧಿನಗರದ ಅಕ್ಕ. ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ, ಅಟ್ಟದ ಮೇಲಿದ್ದ 21 ಇಂಚಿನ ಡಬ್ಬಾ ಟಿವಿ ಕೆಳಗಿಳಿದಿದೆ. "ಗುಜರಿಯವ್ನು ಬಾಗಿಲಿಗೆ ಬಂದು ಇನ್ನೂರು ಕೊಡ್ತೀನಿ ಅಂತಾನೆ ಅಣ್ಣಾ, ಅಂಗಡಿಯವ್ರು ಎಕ್ಸ್‌ಚೇಂಜಿಗೆ ಸಾವಿರ ಹಿಡೀತೀವಿ ಅಂತಾರೆ. ಯಾರಿಗೆ ಕೊಡ್ಲಿ?" ಅಂದರು. ಇನ್ನೊಬ್ಬರು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವರು. ಕೆಟ್ಟ ಮಾನಿಟರ್ 32 ಇವೆ, ಒಂದು ಕೋಣೆಯ ತುಂಬ ಪೇರಿಸಿಟ್ಟಿದ್ದಾರೆ. ಆ ಕೋಣೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದಾರೆ. ಯಾರೋ ಒಬ್ಬರು "ಎಲ್ಲ ಒಯ್ತೀನಿ, ಕೆಮಿಕಲ್ ಹಾಕಿ ಸೇಫಾಗಿ ಒಡೀತೀವಿ" ಅಂದಿದ್ದಾರಂತೆ. ಆ ಮಾತು ನಂಬಬಹುದೇ ಅನ್ನುವುದು ಅವರ ಪ್ರಶ್ನೆ.

ಇಬ್ಬರಿಗೂ ಬಾಯಿಮಾತಿನಲ್ಲಿ ಹೇಳಿದೆ, ಆದರೆ ಹೇಳಿ ಮುಗಿಯುವ ವಿಷಯವಲ್ಲ. ಟಿವಿ ಕೆಲಸ ಕಲಿತ ಮೊದಲ ವರ್ಷಗಳಲ್ಲಿ ನಾವೂ ಸತ್ತ ಪಿಕ್ಚರ್ ಟ್ಯೂಬಿನ (ಡಬ್ಬಾ ಟಿವಿಯೊಳಗಿನ ದೊಡ್ಡ ಗಾಜಿನ ಬುರುಡೆ, ಅದರ ಮುಂಭಾಗವೇ ಪರದೆ) ಕತ್ತು ಮುರಿದು, ಒಳಗೆ ಗಾಳಿ ತುಂಬಿಸಿ, ಅಂಗಡಿ ಹಿಂದಿನ ಚರಂಡಿ ಪಕ್ಕ ಎಸೆದವರು. ಅದರಲ್ಲಿ ಏನಿದೆ ಅಂತ ಆಗ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಚರಂಡಿಯ ಪಕ್ಕದಲ್ಲೇ ಮಕ್ಕಳು ಗೋಲಿ ಆಡುತ್ತಿದ್ದರು. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಹಾಗಾಗಿ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ನಿಮ್ಮ ಮನೆಯದ್ದು ಯಾವ ಪರದೆ?

ಯಾರಿಗೆ ಕೊಡಬೇಕು ಅನ್ನುವುದು ಒಳಗಿರುವ ವಿಷ ಯಾವುದು ಅನ್ನುವುದರ ಮೇಲೆ ನಿಂತಿದೆ. ಪರದೆಗಳು ಮುಖ್ಯವಾಗಿ ಮೂರು ತರಹ.

ಮೊದಲನೆಯದು ಹಿಂದೆ ಹೊಟ್ಟೆ ಇರುವ ಡಬ್ಬಾ ಟಿವಿ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಜೇ. ಮುಂದಿನ ಗಾಜಿನಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಇರುತ್ತವೆ. ಹಿಂದಿನ ಆಲಿಕೆಯಂಥ ಗಾಜಿನಲ್ಲಿ ಸೀಸದ ಆಕ್ಸೈಡ್ ನೂರಕ್ಕೆ 20ರಿಂದ 25 ಪಾಲು. ಒಳಗಿನ ಎಕ್ಸ್‌ರೇ ಹೊರಗೆ ಬರದಿರಲಿ ಅಂತ ಬೆರೆಸಿದ ಸೀಸ ಅದು. ಎರಡು ಗಾಜು ಕೂಡುವ ಅಂಚಿನ ಬೆಸುಗೆಯಲ್ಲಂತೂ ಸೀಸವೇ ಬಹುಪಾಲು. 21 ಇಂಚಿನ ಟ್ಯೂಬಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಸೀಸದ ಲೆಕ್ಕ ಬರುತ್ತದೆ. ಮುಂದಿನ ಗಾಜಿನ ಒಳಮೈಗೆ ಹಿಟ್ಟಿನಂತೆ ಅಂಟಿರುವ ಬೆಳಕಿನ ಪುಡಿಯಲ್ಲಿ ಸತುವಿನ ಸಲ್ಫೈಡ್, ಯಿಟ್ರಿಯಂ ಇರುತ್ತವೆ, ತೀರಾ ಹಳೆಯವುಗಳಲ್ಲಿ ಕ್ಯಾಡ್ಮಿಯಂ ಕೂಡ. ಟ್ಯೂಬ್ ಒಳಗೆ ಗಾಳಿ ಇಲ್ಲ. ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಮತ್ತೆ ಹೊರಕ್ಕೆ ಚಿಮ್ಮುತ್ತದೆ.

ಎರಡನೆಯದು ಮೊದಮೊದಲು ಬಂದ ತೆಳು ಎಲ್‌ಸಿಡಿ. ಪರದೆಯ ಹಿಂದೆ ಪೆನ್ಸಿಲ್ಲಿಗಿಂತ ಸಣ್ಣ ಗಾಜಿನ ದೀಪಗಳಿರುತ್ತವೆ, ಚಿಕ್ಕ ಟ್ಯೂಬ್‌ಲೈಟ್ ಇದ್ದಂತೆ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ. ಮಾನಿಟರಿನಲ್ಲಿ ಎರಡೋ ನಾಲ್ಕೋ ದೀಪ, ದೊಡ್ಡ ಟಿವಿಯಲ್ಲಿ ಹತ್ತಕ್ಕೂ ಮೇಲೆ. ಹಿಂಬದಿಯ ಚೀಟಿಯಲ್ಲಿ ದೀಪದ ಮಾತಿನ ಜೊತೆ ಪಾದರಸದ ಗುರುತಾದ ಎಚ್‌ಜಿ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಕಂಡರೆ ಇದೇ ಜಾತಿ ಅಂತ ತಿಳಿಯಿರಿ.

ಮೂರನೆಯದು ಎಲ್‌ಇಡಿ ಟಿವಿ. ಅದರ ಪರದೆಯೂ ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಬದಲಾಗಿದೆ. 2010ರ ಆಸುಪಾಸಿನಿಂದ ಇವು ಹೆಚ್ಚಾಗಿ ಬಂದವು. ಪಾದರಸ ಇಲ್ಲ. ಆದರೆ ಎರಡನೆಯದರಲ್ಲೂ ಮೂರನೆಯದರಲ್ಲೂ ಎರಡು ಗಾಜಿನ ನಡುವೆ ಚಿತ್ರ ಮೂಡಿಸುವ ದ್ರವಸ್ಫಟಿಕದ (ಲಿಕ್ವಿಡ್ ಕ್ರಿಸ್ಟಲ್) ತೆಳು ಪದರ ಇರುತ್ತದೆ. 32 ಇಂಚಿನ ಪರದೆಯಲ್ಲಿ ಎಲ್ಲ ಸೇರಿಸಿದರೆ ಒಂದು ಗ್ರಾಂ ಆಸುಪಾಸು, ಅಷ್ಟೇ. ಇದು ಹತ್ತಾರು ರಾಸಾಯನಿಕಗಳ ಮಿಶ್ರಣ, ಹಲವದರಲ್ಲಿ ಫ್ಲೋರಿನ್ ಇರುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ 362 ರಾಸಾಯನಿಕಗಳನ್ನು ಲೆಕ್ಕ ಹಾಕಿ ನೋಡಿತು. ಅವುಗಳಲ್ಲಿ 87 ಪರಿಸರದಲ್ಲಿ ಬೇಗ ಕರಗದೆ ಉಳಿಯುವ, ಜೀವಿಗಳ ಮೈಯಲ್ಲಿ ಕೂಡುತ್ತಾ ಹೋಗುವ ಗುಣದವು ಅಂತ ಅದು ಕಂಡುಕೊಂಡಿತು. ಮನೆಯೊಳಗಿನ ಧೂಳಿನಲ್ಲೂ ಇವು ಸಿಕ್ಕಿದ್ದವು. ಗಾಜಿನ ಮೇಲಿನ ಪಾರದರ್ಶಕ ಲೇಪದಲ್ಲಿ ಇಂಡಿಯಂ ಇದೆ, ಅದರ ಪುಡಿ ಶ್ವಾಸಕೋಶ ಸೇರಿದರೆ ಕೆಡುಕು. ಹಳೇ ಟಿವಿಗಳ ಪ್ಲಾಸ್ಟಿಕ್ ಬೆನ್ನಿಗೆ ಬೆಂಕಿ ಹಿಡಿಯದಿರಲಿ ಅಂತ ಬ್ರೋಮಿನ್ ಸಂಯುಕ್ತ ಬೆರೆಸಿರುತ್ತಾರೆ. ಅದನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಜಾತಿಯ ವಿಷ ಹುಟ್ಟುತ್ತದೆ.

ಒಡೆದು ಮುಗಿಸಬಹುದಾದ ವಿಷ, ಮುಗಿಯದ ವಿಷ

"ಕೆಮಿಕಲ್ ಹಾಕಿ ಸೇಫಾಗಿ ಒಡೀತೀವಿ" ಅನ್ನುವ ಮಾತನ್ನು ಅಳೆಯಲು ಒಂದು ವಿಷಯ ಗೊತ್ತಿದ್ದರೆ ಸಾಕು. ಸೀಸ, ಪಾದರಸ, ಕ್ಯಾಡ್ಮಿಯಂ ಮೂಲಧಾತುಗಳು. ಸುಟ್ಟರೂ, ಆಸಿಡ್ ಸುರಿದರೂ, ಮಣ್ಣಿನಲ್ಲಿ ಹೂತರೂ ಸೀಸ ಸೀಸವೇ. ಅವನ್ನು ಹೊರಗೆ ತೆಗೆದು ಮತ್ತೆ ಬಳಸಬೇಕು, ಇಲ್ಲವೇ ನೀರು ಗಾಳಿ ತಾಗದಂತೆ ಕಟ್ಟಿಹಾಕಬೇಕು. ಮೂರನೆಯ ದಾರಿ ಇಲ್ಲ.

ದ್ರವಸ್ಫಟಿಕ ಮತ್ತು ಬ್ರೋಮಿನ್ ಬೆರೆತ ಪ್ಲಾಸ್ಟಿಕ್ ಹಾಗಲ್ಲ. ಅವು ಸಂಯುಕ್ತಗಳು, ನಿಜವಾಗಿಯೂ ಒಡೆದುಹೋಗುತ್ತವೆ, ಆದರೆ ತಕ್ಕ ಬಿಸಿ ಬೇಕು. ಅಪಾಯಕಾರಿ ತ್ಯಾಜ್ಯ ಸುಡುವ ಕುಲುಮೆಯ ಎರಡನೇ ಕೋಣೆಯಲ್ಲಿ ಸುಮಾರು 1100 ಡಿಗ್ರಿ ಬಿಸಿಯಲ್ಲಿ ಹೊಗೆ ಎರಡು ಸೆಕೆಂಡಾದರೂ ನಿಲ್ಲಬೇಕು. ಆಮೇಲೆ ಅದನ್ನು ಥಟ್ಟನೆ ತಣಿಸಬೇಕು. ನಿಧಾನ ತಣಿದರೆ 450ರಿಂದ 200 ಡಿಗ್ರಿ ನಡುವೆ ಡಯಾಕ್ಸಿನ್ ಮತ್ತೆ ಕೂಡಿಕೊಳ್ಳುತ್ತದೆ. ಫ್ಲೋರಿನ್, ಬ್ರೋಮಿನ್ ಆಮ್ಲದ ಅನಿಲವಾಗಿ ಬರುವುದರಿಂದ ಹೊಗೆಯನ್ನು ಸುಣ್ಣದಂಥ ಕ್ಷಾರದಲ್ಲಿ ತೊಳೆಯಬೇಕು. ಬಯಲಿನಲ್ಲಿ ಟೈರಿನ ಜೊತೆ ಹಾಕುವ ಬೆಂಕಿಗೆ ಆ ಬಿಸಿಯೂ ಇಲ್ಲ, ಆ ತೊಳೆತವೂ ಇಲ್ಲ. ಅರೆಬರೆ ಬೆಂಕಿ ಇದ್ದ ವಿಷವನ್ನು ಇನ್ನಷ್ಟು ಕೆಟ್ಟದ್ದಾಗಿ ಮಾರ್ಪಡಿಸುತ್ತದೆ.

ಆದ್ದರಿಂದ ಯಾರಾದರೂ "ಒಂದೇ ದ್ರಾವಣದಲ್ಲಿ ಎಲ್ಲ ವಿಷ ಕರಗಿಸ್ತೀವಿ" ಅಂದರೆ ಅಲ್ಲೇ ನಿಲ್ಲಿ. ಅವರು ಬಂಗಾರಕ್ಕೋ ತಾಮ್ರಕ್ಕೋ ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ನೆನೆಸುವವರು ಇರಬಹುದು. ಕೊನೆಗೆ ಆ ಆಸಿಡ್ ಎಲ್ಲಿ ಹೋಗುತ್ತದೆ ಅಂತ ಒಮ್ಮೆ ಕೇಳಿ.

ಅಳೆಯುವುದು ಯಾವುದರಿಂದ?

ಪ್ರತಿ ದಾರಿಯನ್ನೂ ನಾನು ಐದು ಪ್ರಶ್ನೆ ಹಾಕಿ ನೋಡುತ್ತೇನೆ. ಪರದೆ ಇಡಿಯಾಗಿ ಎಲ್ಲಿಯವರೆಗೆ ಹೋಗುತ್ತದೆ, ಯಾರ ಕೈಯಲ್ಲಿ ಒಡೆಯುತ್ತದೆ? ಬೆಲೆ ಇಲ್ಲದ ಗಾಜು, ದೀಪ, ಪುಡಿ ಕೊನೆಗೆ ಎಲ್ಲಿ ಸೇರುತ್ತವೆ? ಕೈಗೆ ಕಾಗದ ಸಿಗುತ್ತದೆಯೇ? ನಮಗೆ ಹಣ ಬರುತ್ತದೆಯೋ ಹೋಗುತ್ತದೆಯೋ? ಎಷ್ಟು ದಿನ ಕಾಯಬೇಕು, ಅಲ್ಲಿಯವರೆಗೆ ಇಡಲು ಜಾಗ ಇದೆಯೇ?

ಮೊದಲ ಎರಡಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ, ಯಾಕೆಂದರೆ ವಿಷ ಹೊರಗೆ ಬರುವುದು ಒಡೆದಾಗಲೇ. ಮನೆಯ ಮೂಲೆಯಲ್ಲಿ ಇಡಿಯಾಗಿ ಕೂತಿರುವ ಟ್ಯೂಬ್ ಯಾರಿಗೂ ಏನೂ ಮಾಡುವುದಿಲ್ಲ.

ಗುಜರಿ ಗಾಡಿ

ಅನುಕೂಲದಲ್ಲಿ ಇದಕ್ಕೆ ಸಾಟಿ ಇಲ್ಲ. ಬಾಗಿಲಿಗೇ ಬರುತ್ತಾರೆ, 20 ಕಿಲೋ ಭಾರ ಅವರೇ ಹೊರುತ್ತಾರೆ, ನಿಂತ ಕಾಲಲ್ಲಿ ಹಣ ಕೊಡುತ್ತಾರೆ. ಗುಜರಿಯವರ ಮೇಲೆ ನನಗೆ ಸಿಟ್ಟಿಲ್ಲ. ಊರಿನ ಕಬ್ಬಿಣ, ರಟ್ಟು, ಪ್ಲಾಸ್ಟಿಕ್ ಮರಳಿ ಕೆಲಸಕ್ಕೆ ಬರುತ್ತಿರುವುದು ಅವರ ದುಡಿಮೆಯಿಂದಲೇ. ಆದರೆ ಟಿವಿಯ ವಿಷಯದಲ್ಲಿ ಅವರು ಕೊಡುವ ಇನ್ನೂರು ರೂಪಾಯಿ ಯಾವುದಕ್ಕೆ ಅಂತ ನೋಡಿ. ಟ್ಯೂಬಿನ ಕತ್ತಿಗೆ ಸುತ್ತಿದ ಕಾಯಿಲಿನ ತಾಮ್ರ, ಪರದೆಯ ಸುತ್ತಲಿನ ಡೀಗಾಸ್ ಕಾಯಿಲ್ ಅನ್ನುವ ತಂತಿಯ ಸುರುಳಿ, ಬೋರ್ಡು, ಕಬ್ಬಿಣದ ಪಟ್ಟಿ. ಗಾಜಿಗೆ ಒಂದು ಪೈಸೆಯೂ ಇಲ್ಲ. ತಾಮ್ರ ಬಿಚ್ಚಿಕೊಳ್ಳಲು ಸುತ್ತಿಗೆಯಲ್ಲಿ ಕತ್ತು ಒಡೆಯುತ್ತಾರೆ, ಸೀಸದ ಗಾಜು ಕಸದ ರಾಶಿಗೆ ಹೋಗುತ್ತದೆ. ಕೊಳೆಯುವ ಕಸದ ಹುಳಿನೀರು ಅದರಲ್ಲಿನ ಸೀಸವನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳುತ್ತದೆ. ತಂತಿಯ ಪ್ಲಾಸ್ಟಿಕ್ ಸುಲಿಯಲು ಬೆಂಕಿ ಹಾಕುತ್ತಾರೆ. ಇದೆಲ್ಲ ನಡೆಯುವುದು ಅವರ ಮನೆಯ ಅಂಗಳದಲ್ಲೇ, ಮಕ್ಕಳ ಎದುರಿಗೇ. ಇಷ್ಟು ಸೀಸ ಮೈಗೆ ಹೋದರೆ ತೊಂದರೆ ಇಲ್ಲ ಅನ್ನುವಂಥ ಮಟ್ಟವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪಾದರಸದ ಎಲ್‌ಸಿಡಿಗೆ ಬಳ್ಳಾರಿಯ ಬಿಸಿಲು ಇನ್ನೊಂದು ಕಾರಣ. ಬಿಸಿ ಹತ್ತು ಡಿಗ್ರಿ ಏರಿದರೆ ಪಾದರಸದ ಆವಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 20 ಡಿಗ್ರಿಯ ಊರಿನಲ್ಲಿ ದೀಪ ಒಡೆಯುವುದೂ, ಮೇ ತಿಂಗಳಲ್ಲಿ 40 ದಾಟಿದ ಬಳ್ಳಾರಿಯ ತಗಡಿನ ಶೆಡ್ಡಿನಲ್ಲಿ ಒಡೆಯುವುದೂ ಒಂದೇ ಅಲ್ಲ. ಇಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಆವಿ ಉಸಿರಿಗೆ ಸೇರುತ್ತದೆ.

ಗುಜರಿಯಲ್ಲೂ ಒಂದು ಒಳದಾರಿ ಇದೆ. ದೊಡ್ಡ ಗುಜರಿ ವ್ಯಾಪಾರಿಗಳಲ್ಲಿ ಕೆಲವರು ಒಡೆಯದೆ, ಇಡೀ ಪೀಸನ್ನೇ ಕೂಡಿಟ್ಟು ಸರ್ಕಾರದಲ್ಲಿ ನೋಂದಾಯಿಸಿದ ಮರುಬಳಕೆ ಘಟಕಕ್ಕೆ ಮಾರುತ್ತಾರೆ. ಅಂಥವರು ಗೊತ್ತಿದ್ದರೆ, ಎಲ್ಲಿಗೆ ಕಳಿಸುತ್ತಾರೆ ಅಂತ ಕೇಳಿ ಕೊಡಬಹುದು. ಗಾಡಿಯಲ್ಲಿ ಹೇರುವಾಗಲೇ ಟಿವಿಯನ್ನು ದೊಪ್ಪನೆ ಎಸೆದರೆ ಉತ್ತರ ಅಲ್ಲೇ ಸಿಕ್ಕಿತು.

ಅಂಗಡಿಯ ಎಕ್ಸ್‌ಚೇಂಜ್

ಹೊಸ ಟಿವಿ ಕೊಳ್ಳುವವರಿಗೆ ಇದು ಸುಲಭ, ಹಣವೂ ಗುಜರಿಗಿಂತ ಹೆಚ್ಚು ಕಾಣುತ್ತದೆ. ಆದರೆ ಆ ಹಣ ನಿಮ್ಮ ಹಳೇ ಟಿವಿಯ ಬೆಲೆ ಅಲ್ಲ, ಹೊಸದರ ಮೇಲಿನ ರಿಯಾಯಿತಿಗೆ ಅವರು ಇಟ್ಟ ಹೆಸರು. ಎಕ್ಸ್‌ಚೇಂಜ್ ಇಲ್ಲದೆ ಎಷ್ಟಕ್ಕೆ ಕೊಡ್ತೀರಿ ಅಂತ ಮೊದಲು ಕೇಳಿ, ನಿಜವಾದ ಅಂತರ ಆಗ ತಿಳಿಯುತ್ತದೆ.

ಹಳೆಯದು ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಅಂಗಡಿಯಿಂದ ಅಂಗಡಿಗೆ ಬೇರೆ. ಕಂಪನಿಯೇ ವಾಪಸ್ ಪಡೆಯುವ ಏರ್ಪಾಡಿದ್ದರೆ ಒಳ್ಳೆಯದು. ಎಕ್ಸ್‌ಚೇಂಜಿಗೆ ಕೊಟ್ಟಿದ್ದ ಟಿವಿ ಹದಿನೈದು ದಿನಕ್ಕೆ ಗುಜರಿ ಅಂಗಡಿಯ ಮುಂದೆ ಹೊಟ್ಟೆ ಸೀಳಿ ಬಿದ್ದಿದ್ದನ್ನು ನಾನೇ ಕಂಡಿದ್ದೇನೆ. ಅದರ ಬೋರ್ಡಿನ ಮೇಲೆ ನಾನು ಹಾಕಿದ್ದ ಬೆಸುಗೆಯ ಗುರುತು ಹಾಗೇ ಇತ್ತು. ಬಿಲ್ಲಿನಲ್ಲಿ ಹಳೇ ಟಿವಿಯ ಮಾಡೆಲ್, ಸೀರಿಯಲ್ ನಂಬರ್ ಬರೆಸಿ, ಯಾವ ಮರುಬಳಕೆದಾರರಿಗೆ ಹೋಗುತ್ತದೆ ಅಂತ ಕೇಳಿ. ಹೆಸರು ಹೇಳಬಲ್ಲ ಅಂಗಡಿಗೆ ಕೊಡಿ.

ರಿಪೇರಿ ಮಾಡಿಸಿ ಇನ್ನಷ್ಟು ವರ್ಷ

ರಿಪೇರಿ ಮಾಡುವವನೇ ರಿಪೇರಿ ಮಾಡಿಸಿ ಅಂದರೆ ಸ್ವಾರ್ಥ ಅನ್ನಿಸಬಹುದು, ಆದ್ದರಿಂದ ಮೊದಲು ಬೇಡವಾದದ್ದನ್ನು ಹೇಳುತ್ತೇನೆ. ಡಬ್ಬಾ ಟಿವಿಗೆ ಹಣ ಹಾಕಬೇಡಿ. ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಹಳೇ ಟಿವಿಯಿಂದ ಕಿತ್ತದ್ದು. ಒಡೆದ ಪರದೆಯ ಟಿವಿಗೂ ಬೇಡ, ಹೊಸ ಪ್ಯಾನೆಲ್ ಹಾಕಿಸುವ ಖರ್ಚಿಗೆ ಇನ್ನೊಂದು ಸ್ವಲ್ಪ ಸೇರಿಸಿದರೆ ಹೊಸ ಟಿವಿಯೇ ಬರುತ್ತದೆ. ಆದರೆ ಎಲ್‌ಇಡಿ ಟಿವಿಯಲ್ಲಿ ಧ್ವನಿ ಬರುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಬಹುಪಾಲು ಒಳಗಿನ ಎಲ್‌ಇಡಿ ಪಟ್ಟಿ ಕೆಟ್ಟಿರುತ್ತದೆ. ಕಡಿಮೆ ಖರ್ಚಿನ ಕೆಲಸ. ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲ್ ಚೆನ್ನಾಗಿದೆ ಎಂದರ್ಥ.

ರಿಪೇರಿ ವಿಷವನ್ನು ಇಲ್ಲವಾಗಿಸುವುದಿಲ್ಲ, ಮುಂದಕ್ಕೆ ಹಾಕುತ್ತದೆ. ಕೊಂಡ ವಸ್ತು ಇನ್ನೈದು ವರ್ಷ ಬಾಳಿದರೆ ಅಷ್ಟು ದಿನ ಇನ್ನೊಂದು ಪರದೆ ಕಸಕ್ಕೆ ಬರುವುದಿಲ್ಲ. ತರಬೇತಿ ಕೇಂದ್ರದವರ 32 ಮಾನಿಟರುಗಳಲ್ಲಿ ಒಂಬತ್ತಕ್ಕೆ ಬೋರ್ಡಿನ ಮೇಲಿನ ಕೆಪಾಸಿಟರ್ ಅನ್ನುವ ಸಣ್ಣ ಬಿಡಿಭಾಗ ಬದಲಿಸಿದರೆ ಸಾಕಿತ್ತು.

ನೋಂದಾಯಿತ ಮರುಬಳಕೆ ಘಟಕ

ಕಾನೂನು ತೋರುವ ದಾರಿ ಇದು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಟಿವಿ, ಮಾನಿಟರ್ ಮಾಡಿ ಮಾರುವ ಕಂಪನಿಗಳೇ ಅವು ಕಸವಾದ ಮೇಲಿನ ಹೊಣೆಯನ್ನೂ ಹೊರಬೇಕು ಅನ್ನುತ್ತವೆ. ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ಲಿನಲ್ಲಿ ನೋಂದಾಯಿಸಿರಬೇಕು. ಯಾರ ಹೆಸರನ್ನಾದರೂ ಅಲ್ಲಿ ನೋಡಿ ಖಚಿತ ಮಾಡಿಕೊಳ್ಳಬಹುದು. ಅನುಮಾನ ಬಂದರೆ ಬಳ್ಳಾರಿಯಲ್ಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ, ಹೋಗಿ ಕೇಳಿ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ 1000 ಉಪಕರಣ ಬಳಸುವ ಸಂಸ್ಥೆಗಳನ್ನು ನಿಯಮ ದೊಡ್ಡ ಬಳಕೆದಾರರು ಅಂತ ಕರೆಯುತ್ತದೆ. ಅವರು ನೋಂದಾಯಿತರಿಗೇ ಕೊಡಬೇಕು, ಬೇರೆ ಆಯ್ಕೆ ಇಲ್ಲ.

ಒಳ್ಳೆಯ ಘಟಕದಲ್ಲಿ ಟ್ಯೂಬನ್ನು ಸುತ್ತಿಗೆಯಲ್ಲಿ ಒಡೆಯುವುದಿಲ್ಲ. ಮೊದಲು ಒಳಗೆ ಮೆಲ್ಲನೆ ಗಾಳಿ ಬಿಡುತ್ತಾರೆ. ಎರಡು ಗಾಜು ಕೂಡುವ ಕಡೆ ಕಾದ ತಂತಿ ಸುತ್ತಿ, ಬಿಸಿ-ತಂಪಿನ ಪೆಟ್ಟಿನಲ್ಲಿ ಸೀಸದ ಗಾಜನ್ನೂ ಮುಂದಿನ ಗಾಜನ್ನೂ ಬೇರೆ ಮಾಡುತ್ತಾರೆ. ಬೆಳಕಿನ ಪುಡಿಯನ್ನು ಗಾಳಿ ಹೀರುವ ಮುಸುಕಿನ ಕೆಳಗೆ, ಸೂಕ್ಷ್ಮ ಫಿಲ್ಟರಿನ ಯಂತ್ರದಿಂದ ಎಳೆದು ತೆಗೆಯುತ್ತಾರೆ. ಮೊದಲಾದರೆ ಹಳೇ ಟ್ಯೂಬಿನ ಗಾಜು ಹೊಸ ಟ್ಯೂಬಿಗೆ ಹೋಗುತ್ತಿತ್ತು. ಹೊಸ ಟ್ಯೂಬ್ ತಯಾರಿಕೆ ನಿಂತ ಮೇಲೆ ಆ ದಾರಿ ಮುಚ್ಚಿದೆ. ಈಗ ಸೀಸದ ಗಾಜಿಗೆ ಉಳಿದಿರುವುದು ಸೀಸ ಕರಗಿಸುವ ಕುಲುಮೆ, ಅದಿಲ್ಲದಿದ್ದರೆ ಅಪಾಯಕಾರಿ ತ್ಯಾಜ್ಯದ ಭದ್ರ ಗುಂಡಿ. ಆ ಗುಂಡಿಯ ತಳಕ್ಕೆ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜಿನುಗುವ ನೀರನ್ನು ಹಿಡಿದಿಡುವ ವ್ಯವಸ್ಥೆ ಇರುತ್ತದೆ. ನಮ್ಮ ರಾಜ್ಯದಲ್ಲಿ ಅಂಥದ್ದು ನೆಲಮಂಗಲ ಸೀಮೆಯ ದಾಬಸ್‌ಪೇಟೆಯ ಹತ್ತಿರ ಇದೆ. ಇ-ತ್ಯಾಜ್ಯ ಮರುಬಳಕೆಯಲ್ಲಿ ದೇಶದ ಮೊದಲಿಗರಲ್ಲಿ ಒಂದಾದ ಇ-ಪರಿಸರ ಶುರುವಾದದ್ದೂ ದಾಬಸ್‌ಪೇಟೆಯಲ್ಲೇ. ಹಿರಿಯೂರು, ಶಿರಾ ಮೇಲೆ ಬೆಂಗಳೂರಿಗೆ ಹೋಗುವ ನಮ್ಮವರು ಆ ಊರನ್ನು ದಾಟಿಯೇ ಹೋಗುತ್ತಾರೆ.

ಎಲ್‌ಸಿಡಿಯ ಪಾದರಸದ ದೀಪಗಳನ್ನು ಒಂದೊಂದಾಗಿ, ಮುರಿಯದಂತೆ ಕೈಯಿಂದಲೇ ತೆಗೆಯಬೇಕು. ಅದಕ್ಕೂ ಗಾಳಿ ಹೀರುವ ಮೇಜು ಬೇಕು. ಆಮೇಲೆ ಅವನ್ನು ಮುಚ್ಚಿದ ಪಾತ್ರೆಯಲ್ಲಿ ಪುಡಿಮಾಡಿ ಕಾಯಿಸಿದರೆ ಪಾದರಸ ಆವಿಯಾಗಿ, ಇನ್ನೊಂದು ಕಡೆ ತಣಿದು ಹನಿಯಾಗಿ ಬೀಳುತ್ತದೆ. ತಪ್ಪಿಸಿಕೊಂಡದ್ದನ್ನು ಗಂಧಕ ಬೆರೆಸಿದ ಇದ್ದಿಲು ಹಿಡಿಯುತ್ತದೆ. ದೀಪ ತೆಗೆದ ಮೇಲಷ್ಟೇ ಪ್ಯಾನೆಲ್ ಗಾಜು ಮುಂದಿನ ಹಂತಕ್ಕೆ ಹೋಗಬೇಕು. ಹೆಚ್ಚು ಬಿಸಿಯ ಕುಲುಮೆಯಲ್ಲಿ ದ್ರವಸ್ಫಟಿಕ ಸುಟ್ಟುಹೋಗುತ್ತದೆ. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ 1450 ಡಿಗ್ರಿ ಬಿಸಿ ಇರುವುದರಿಂದ ಇಂಥ ಸಂಯುಕ್ತ ಒಡೆಯಲು ಅದೂ ಆಗುತ್ತದೆ. ಪಾದರಸಕ್ಕೆ ಮಾತ್ರ ಅದು ತಕ್ಕದ್ದಲ್ಲ, ಆವಿಯಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ನೇರಳಾತೀತ ಬೆಳಕು, ಟೈಟಾನಿಯಂ ಆಕ್ಸೈಡ್, ಸೂಕ್ಷ್ಮಾಣು, ಕಿಣ್ವ ಇವುಗಳಿಂದ ಒಡೆಯುವ ಪ್ರಯತ್ನಗಳೂ ನಡೆದಿವೆ. ಇಂಗಾಲ-ಫ್ಲೋರಿನ್ ಬಂಧ ಸುಲಭಕ್ಕೆ ಬಿಡುವಂಥದ್ದಲ್ಲ, ಆ ಕೆಲಸ ಪ್ರಯೋಗಶಾಲೆಯ ಮಟ್ಟದ್ದು. ಸೂಕ್ಷ್ಮಾಣು ಪುಡಿ ಹಾಕಿ ಪರದೆ ಶುದ್ಧ ಮಾಡುತ್ತೇವೆ ಅನ್ನುವವರಿಗೆ ಹಣ ಕೊಡಬೇಡಿ.

ಇಷ್ಟು ಒಳ್ಳೆಯದಿದ್ದರೂ ತೊಡಕು ಎರಡು. ಒಂದು ದೂರ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಗಾಂಧಿನಗರದ ಅಕ್ಕನ ಒಂದು ಟಿವಿಗೆ ಯಾರೂ ಗಾಡಿ ಕಳಿಸುವುದಿಲ್ಲ. ಕಂಪನಿಯ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ ವಿನಂತಿ ಬರೆಸಿ, ಕಾಯಬೇಕು. ಕಂಪನಿಯೇ ಮುಚ್ಚಿಹೋಗಿದ್ದರೆ ಅದೂ ಇಲ್ಲ. ಎರಡನೆಯದು ಲೆಕ್ಕಾಚಾರದ್ದು. ಮರುಬಳಕೆದಾರರಿಗೆ ಸಿಗುವ, ಕಂಪನಿಗಳು ತಮ್ಮ ಹೊಣೆ ತೀರಿಸಲು ಅವರಿಂದ ಕೊಳ್ಳುವ ಪ್ರಮಾಣಪತ್ರಗಳು ಬಂಗಾರ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟು ಹೊರತೆಗೆದರು ಅನ್ನುವುದರ ಮೇಲೆ ನಿಂತಿವೆ. ಸೀಸದ ಗಾಜು, ಪಾದರಸದ ದೀಪ ಅವರಿಗೆ ಬರೀ ಖರ್ಚು. ಹೀಗಾಗಿ ನೋಂದಣಿ ನಂಬರ್ ತೋರಿಸಿದ ಕೂಡಲೇ ಸಮಾಧಾನ ಪಡಬೇಡಿ. "ಟ್ಯೂಬಿನ ಗಾಜು ಯಾರಿಗೆ ಕಳಿಸ್ತೀರಿ? ದೀಪ ನೀವೇ ತೆಗೀತೀರಾ, ತೆಗೆದದ್ದು ಎಲ್ಲಿ ಹೋಗುತ್ತೆ?" ಅಂತ ಕೇಳಿ. ಕೆಲಸ ಸರಿಯಾಗಿ ಮಾಡುವವರು ಕೂಡಲೇ ಉತ್ತರ ಕೊಡುತ್ತಾರೆ.

ಪಾಲಿಕೆಯ ಕಸದ ಗಾಡಿ ಮತ್ತು ನಾವೇ ಬಿಚ್ಚುವುದು

ಬೆಳಗಿನ ಕಸದ ಗಾಡಿ ಟಿವಿಗೆ ಅಲ್ಲ. ಮನೆಯಲ್ಲಿ ಒಡೆದ ಪಾದರಸದ ದೀಪದ ಚೂರುಗಳನ್ನು ಬಾಟಲಿಯಲ್ಲಿ ಮುಚ್ಚಿ, ಮನೆಯ ಅಪಾಯಕಾರಿ ಕಸ ಅಂತ ಬಾಯಿಬಿಟ್ಟು ಹೇಳಿ, ಬೇರೆಯಾಗಿ ಕೊಡಿ.

ಯೂಟ್ಯೂಬ್ ನೋಡಿ ತಾಮ್ರಕ್ಕಾಗಿ ತಾವೇ ಬಿಚ್ಚುವ ಹುಡುಗರು ಹೆಚ್ಚಾಗಿದ್ದಾರೆ. ಡಬ್ಬಾ ಟಿವಿಯ ಬೆನ್ನು ತೆಗೆಯಲೇಬೇಡಿ. ಪ್ಲಗ್ ತೆಗೆದು ತುಂಬ ಹೊತ್ತಾದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಕೆಲಸ ಗೊತ್ತಿದ್ದ ನನಗೇ ಒಮ್ಮೆ ಅದು ತೋಳನ್ನು ಒಗೆದುಹಾಕಿತ್ತು.

ಕೂಡಿಸಿ ಕಳಿಸುವುದು

ನಮ್ಮ ಕಡೆಗೆ ನಿಜವಾಗಿ ಒಗ್ಗುವುದು ಇದೇ ಅಂತ ನನ್ನ ಅನುಭವ. ಒಂದು ಬೀದಿಯವರು, ಒಂದು ಅಪಾರ್ಟ್‌ಮೆಂಟಿನವರು, ನಾಲ್ಕಾರು ರಿಪೇರಿ ಅಂಗಡಿಯವರು ಸೇರಿ ಒಂದೆಡೆ ಕೂಡಿಡುವುದು. ಗಾಡಿ ತುಂಬುವಷ್ಟಾದಾಗ ನೋಂದಾಯಿತ ಘಟಕದವರನ್ನು ಕರೆಸುವುದು. ಕೆಲವು ಘಟಕಗಳು ಲೋಡ್ ದೊಡ್ಡದಿದ್ದರೆ ತಾವೇ ಬರುತ್ತವೆ. ಬರದಿದ್ದರೆ ಬಾಡಿಗೆ ಹಂಚಿಕೊಳ್ಳಬೇಕು. ಪಡೆಯುವವರ ಒಪ್ಪಿಗೆ ಪತ್ರ ಗಾಡಿಯವರ ಕೈಯಲ್ಲಿರಲಿ.

ಹಣದ ಲೆಕ್ಕದಲ್ಲಿ ಒಂದು ಕಿವಿಮಾತು. ಡಬ್ಬಾ ಟಿವಿಯನ್ನೇ ಕಳಿಸಿದರೆ ಕೈಯಿಂದ ಹೋಗುತ್ತದೆ. ಎಲ್‌ಇಡಿ ಟಿವಿ, ಸಿಪಿಯು, ಬೋರ್ಡುಗಳ ಜೊತೆ ಸೇರಿಸಿ ಕಳಿಸಿದರೆ ಅವುಗಳ ಬೆಲೆ ಇದರ ಖರ್ಚನ್ನು ಹೊರುತ್ತದೆ. ಲಾಭದ ಬೋರ್ಡನ್ನು ಗುಜರಿಗೆ ಮಾರಿ, ಬರೀ ಟ್ಯೂಬನ್ನು ಘಟಕಕ್ಕೆ ಕೊಡಲು ಹೋದರೆ ಯಾರೂ ಮುಟ್ಟುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ಒಂದೇ ಒಂದು ಡಬ್ಬಾ ಟಿವಿ ಇರುವ ಮನೆಗೆ: ಅವಸರ ಬೇಡ. ಹೊಸದು ಕೊಳ್ಳುವುದಿದ್ದರೆ ಮರುಬಳಕೆದಾರರ ಹೆಸರು ಹೇಳಬಲ್ಲ ಅಂಗಡಿಯ ಎಕ್ಸ್‌ಚೇಂಜ್. ಕೊಳ್ಳುವುದಿಲ್ಲವಾದರೆ, ಕೂಡಿಡುವವರು ಸಿಗುವ ತನಕ ಮನೆಯಲ್ಲೇ ಇರಲಿ. ಗುಜರಿಯ ಇನ್ನೂರು ರೂಪಾಯಿ ಬಿಟ್ಟುಬಿಡಿ. ಗಾಂಧಿನಗರದ ಅಕ್ಕನೂ ಅದನ್ನು ಬಿಟ್ಟರು, ಬೇರೆಯವರದ್ದರ ಜೊತೆ ಕೂಡಿಡಲು ಕೊಟ್ಟ ಅವರ ಟಿವಿ ಈಗ ನಮ್ಮ ಅಂಗಡಿಯಲ್ಲಿದೆ.

ಪಾದರಸದ ಎಲ್‌ಸಿಡಿ ಇರುವವರು ಗುಜರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ತೂಕ ಕಡಿಮೆ, ಸುಲಭವಾಗಿ ಸಾಗಿಸಬಹುದು. ಬೆಂಗಳೂರಿಗೆ ಕಾರಿನಲ್ಲಿ ಹೋಗುವಾಗ ಮೊದಲೇ ಫೋನ್ ಮಾಡಿ ಕೇಳಿ, ಸಂಗ್ರಹ ಕೇಂದ್ರಕ್ಕೆ ತಲುಪಿಸಬಹುದು. ಎಲ್‌ಇಡಿ ಟಿವಿಯವರು ಮೊದಲು ರಿಪೇರಿ ಕೇಳಿ. ಆಗದಿದ್ದರೆ ಎಕ್ಸ್‌ಚೇಂಜ್ ಸಾಕು, ಮೂರರಲ್ಲಿ ಅಪಾಯ ಕಡಿಮೆ ಇರುವುದು ಇದರಲ್ಲೇ.

ಶಾಲೆ, ಕಾಲೇಜು, ಲಾಡ್ಜ್, ತರಬೇತಿ ಕೇಂದ್ರದವರಿಗೆ ನೋಂದಾಯಿತ ಘಟಕವೇ ಸರಿ. ನಿಮ್ಮಲ್ಲಿ ಸಂಖ್ಯೆ ಇದೆ, ಗಾಡಿ ಬರುತ್ತದೆ, ಲೆಕ್ಕಪರಿಶೋಧನೆಗೆ ಕಾಗದವೂ ಬೇಕು. ಹಳೇ ಸಾಮಾನಿನ ಟೆಂಡರ್ ಕರೆಯುವಾಗ ಹೆಚ್ಚು ಬೆಲೆ ಹೇಳಿದವರಿಗೆ ಅಂತಷ್ಟೇ ಬರೆದರೆ ಅದು ಗುಜರಿಗೇ ಹೋಗುತ್ತದೆ. ನೋಂದಾಯಿತರು ಮಾತ್ರ ಅನ್ನುವ ಷರತ್ತು ಮೊದಲ ಸಾಲಿನಲ್ಲೇ ಇರಲಿ. ತರಬೇತಿ ಕೇಂದ್ರದವರಿಗೆ ಉಳಿದ 23 ಮಾನಿಟರಿಗೆ ಇದೇ ಹೇಳಿದೆ. ಕೆಮಿಕಲ್ ಮಾತಿನವರು ಅವರಿಗೆ ಹೆಚ್ಚು ಹಣ ಹೇಳಿದ್ದರು. ನೋಂದಣಿ ನಂಬರ್ ಕೇಳಿದ ಮೇಲೆ ಅವರ ಫೋನ್ ಬರಲಿಲ್ಲ.

ಕೊಡುವ ತನಕ ಇಡುವುದು ಹೇಗೆ

ಡಬ್ಬಾ ಟಿವಿಯನ್ನು ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಇಡಿ. ಹಿಂದಿನ ಕತ್ತಿಗೆ ಏನೂ ತಾಗಬಾರದು. ಒಂದರ ಮೇಲೊಂದು ಪೇರಿಸಬೇಡಿ. ತೆಳು ಪರದೆಗಳನ್ನು ನಿಲ್ಲಿಸಿ, ನಡುವೆ ರಟ್ಟು ಕೊಡಿ, ಮಲಗಿಸಿ ಪೇರಿಸಿದರೆ ಕೆಳಗಿನದರ ದೀಪ ಒಡೆಯುತ್ತದೆ. ಬಿಸಿಲು ಬೀಳುವ ಮಾಳಿಗೆ, ತಗಡಿನ ಶೆಡ್ಡು ಬೇಡ. ಮಳೆನೀರು ತಾಗಬಾರದು.

ಎಲ್‌ಸಿಡಿಯ ದೀಪ ಒಡೆದೇಹೋದರೆ ಮಕ್ಕಳನ್ನು ಹೊರಗೆ ಕಳಿಸಿ. ಫ್ಯಾನು, ಕೂಲರ್ ನಿಲ್ಲಿಸಿ, ಕಿಟಕಿ ತೆರೆದು, ಕಾಲು ಗಂಟೆ ನೀವೂ ಹೊರಗಿರಿ. ಪೊರಕೆ ಹಿಡಿಯಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಎರಡೂ ಪಾದರಸವನ್ನು ಮನೆಯೆಲ್ಲ ಹರಡುತ್ತವೆ. ಗಟ್ಟಿ ರಟ್ಟಿನ ಎರಡು ತುಂಡಿನಿಂದ ಚೂರು ಎತ್ತಿ, ಸಣ್ಣದನ್ನು ಅಂಟುಟೇಪಿಗೆ ಹತ್ತಿಸಿ, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಗೆ ಹಾಕಿ. ಮೇಲೆ "ಪಾದರಸ" ಅಂತ ದೊಡ್ಡದಾಗಿ ಬರೆಯಿರಿ. ಟ್ಯೂಬ್ ಒಡೆದರೆ ಚಪ್ಪಲಿ, ದಪ್ಪ ಕೈಗವಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಬಿಳಿಪುಡಿಯ ಮೇಲೆ ನೀರು ಚಿಮುಕಿಸಿ, ಗಾಜನ್ನು ಗಟ್ಟಿ ಡಬ್ಬಕ್ಕೆ ತುಂಬಿ. ಆ ಡಬ್ಬವೂ ಟಿವಿಯ ಜೊತೆಯಲ್ಲೇ ಘಟಕಕ್ಕೆ ಹೋಗಬೇಕು.

ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ 17 ಡಬ್ಬಾ ಟಿವಿ, ಆರು ಎಲ್‌ಸಿಡಿ, ಅಕ್ಕಪಕ್ಕದ ಎರಡು ಅಂಗಡಿಯವರು ತಂದಿಟ್ಟ ಒಂದು ಚೀಲ ಬೋರ್ಡು ಇವೆ. ಇನ್ನೂ ಹತ್ತು ಸೇರಿದರೆ ಗಾಡಿ ಕಳಿಸುತ್ತೇನೆ ಅಂದಿದ್ದಾರೆ ಘಟಕದವರು. ತರಬೇತಿ ಕೇಂದ್ರದ 23 ಮಾನಿಟರ್ ಸೋಮವಾರ ಬರುತ್ತವೆ.